ಗ್ರಂಥಾಲಯದ ಮೇಜಿನ ಹಿಂದಿದ್ದ ವಿದ್ಯಾರ್ಥಿ: ಮೆಲ್ವಿಲ್ ಡ್ಯೂಯಿ

ಗ್ರಂಥಾಲಯದ ಪುಸ್ತಕಗಳ ಬೆನ್ನಿನ ಮೇಲೆ 510, 530 ಎಂಬ ಅಂಕಿಗಳನ್ನು ನಾವು ನೋಡಿರುತ್ತೇವೆ. 510 ಎಂದರೆ ಗಣಿತ, 530 ಎಂದರೆ ಭೌತಶಾಸ್ತ್ರ. ಈ ವ್ಯವಸ್ಥೆಯನ್ನು ಯೋಚಿಸಿದವರು ಕಾಲೇಜು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಒಬ್ಬ ವಿದ್ಯಾರ್ಥಿ.

ಮೆಲ್ವಿಲ್ ಡ್ಯೂಯಿ ಹುಟ್ಟಿದ್ದು 1851ರ ಡಿಸೆಂಬರ್ 10ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಡಮ್ಸ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ. ಕಾಲೇಜು ಸೇರುವ ಮೊದಲು ಸ್ವಲ್ಪ ಕಾಲ ಶಾಲೆಯಲ್ಲಿ ಪಾಠವನ್ನೂ ಹೇಳಿದ್ದರು. 1870ರಲ್ಲಿ ಆಮ್ಹರ್ಸ್ಟ್ ಕಾಲೇಜು ಸೇರಿ, ಎರಡು ವರ್ಷದ ಬಳಿಕ ಖರ್ಚಿಗಾಗಿ ಅಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ನಿಂತರು.

ಆಗ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕದ ಸಂಖ್ಯೆ ಅದರ ವಿಷಯವನ್ನು ಹೇಳುತ್ತಿರಲಿಲ್ಲ. ಯಾವ ಬೀರು, ಯಾವ ಹಲಗೆ ಎಂಬುದನ್ನಷ್ಟೇ ಹೇಳುತ್ತಿತ್ತು. ಹಲಗೆ ತುಂಬಿತೆಂದು ಪುಸ್ತಕ ಸರಿಸಿದರೆ ಸಂಖ್ಯೆಯನ್ನೂ ತಿದ್ದಬೇಕು. ಈ ಪೀಕಲಾಟ ಮೇಜಿನ ಹಿಂದೆ ಕುಳಿತವರಿಗೇ ಗೊತ್ತು. ಡ್ಯೂಯಿ ಬೇರೆ ಗ್ರಂಥಾಲಯಗಳನ್ನು ನೋಡಿ ಬಂದು, 1873ರ ಮೇ ತಿಂಗಳಲ್ಲಿ ಕಾಲೇಜಿನ ಗ್ರಂಥಾಲಯ ಸಮಿತಿಗೆ ತಮ್ಮ ಯೋಜನೆ ಒಪ್ಪಿಸಿದರು. ಜ್ಞಾನವನ್ನೆಲ್ಲ ಹತ್ತು ವರ್ಗ ಮಾಡುವುದು, ಪ್ರತಿ ವರ್ಗವನ್ನು ಮತ್ತೆ ಹತ್ತು ಮಾಡುವುದು, ಸಂಖ್ಯೆಯನ್ನು ಹಲಗೆಗಲ್ಲ, ವಿಷಯಕ್ಕೆ ಕಟ್ಟುವುದು. ಯಾವ ಎರಡು ದಶಮಾಂಶಗಳ ನಡುವೆಯೂ ಇನ್ನೊಂದಕ್ಕೆ ಜಾಗವಿದೆ. ದಶಮಾಂಶ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1876ರಲ್ಲಿ ಈ ಪದ್ಧತಿ 44 ಪುಟಗಳ ಪುಸ್ತಿಕೆಯಾಗಿ ಬಂತು. ಮುಖಪುಟದಲ್ಲಿ ಅವರ ಹೆಸರಿರಲಿಲ್ಲ. ಆದರೆ ಆ ಹತ್ತರ ವಿಭಾಗ ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ. ಸಾಹಿತ್ಯದ 800ರಲ್ಲಿ 810ರಿಂದ 880ರವರೆಗೆ ಅಮೆರಿಕ, ಯುರೋಪಿನವರೇ ಕುಳಿತಿದ್ದಾರೆ. ಉಳಿದ ಭಾಷೆಗಳಿಗೆಲ್ಲ 890 ಒಂದೇ. ಆದ್ದರಿಂದಲೇ ಪಂಪನಿಂದ ಕುವೆಂಪುವರೆಗಿನ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಉದ್ದದ ಸಂಖ್ಯೆ. ಧರ್ಮದ 200ರಲ್ಲೂ ಬಹುಪಾಲು ಕ್ರೈಸ್ತ ಧರ್ಮಕ್ಕೆ ಹೋಗಿ, ಉಳಿದ ಧರ್ಮಗಳು 290ರಲ್ಲಿ ಒತ್ತರಿಸಿಕೊಂಡವು. ತಮ್ಮ ಕಾಲೇಜಿನ ಬೀರುಗಳಲ್ಲಿ ಯಾವುದು ಹೆಚ್ಚಿತ್ತೋ ಅದಕ್ಕೆ ಹೆಚ್ಚು ಜಾಗ ಕೊಟ್ಟರು ಎಂದು ನನಗನಿಸುತ್ತದೆ.

ತರಬೇತಿ ಪಡೆಯುತ್ತಿರುವ ನಾವು ಗಮನಿಸಬೇಕಾದದ್ದು 1887. ಆ ವರ್ಷ ಡ್ಯೂಯಿ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರ ತರಬೇತಿ ಶಾಲೆ ತೆರೆದರು. ಮೊದಲ ತಂಡದ 20 ಜನರಲ್ಲಿ 17 ಮಂದಿ ಮಹಿಳೆಯರು. ಆಡಳಿತ ಮಂಡಳಿ ಮಹಿಳೆಯರನ್ನು ಒಪ್ಪದೆ ತರಗತಿ ಕೋಣೆ ಕೊಡಲಿಲ್ಲ. ಡ್ಯೂಯಿ ಒಂದು ಉಗ್ರಾಣವನ್ನು ಚೊಕ್ಕ ಮಾಡಿಸಿ ಪಾಠ ಶುರುಮಾಡಿದರು. 1889ರಲ್ಲಿ ಶಾಲೆ ಆಲ್ಬನಿಗೆ ಸ್ಥಳಾಂತರವಾಯಿತು.

ಮಹಿಳೆಯರಿಗೆ ಈ ವೃತ್ತಿಯ ಬಾಗಿಲು ತೆರೆದ ಇದೇ ವ್ಯಕ್ತಿ ವೃತ್ತಿಯಲ್ಲಿದ್ದ ಮಹಿಳೆಯರೊಡನೆ ಅಸಭ್ಯವಾಗಿ ನಡೆದುಕೊಂಡರೆಂಬ ದೂರುಗಳು ಬಂದವು. ಅವರು ನಡೆಸುತ್ತಿದ್ದ ಲೇಕ್ ಪ್ಲಾಸಿಡ್ ಕ್ಲಬ್ಬಿನಲ್ಲಿ ಯೆಹೂದ್ಯರಿಗೆ, ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಯೆಹೂದ್ಯ ಮುಖಂಡರು ಇದನ್ನು ಪ್ರತಿಭಟಿಸಿದ ಮೇಲೆ 1905ರಲ್ಲಿ ರಾಜ್ಯ ಗ್ರಂಥಪಾಲಕ ಹುದ್ದೆಗೆ ರಾಜೀನಾಮೆ ಕೊಡಬೇಕಾಯಿತು. ಜೀವನಚರಿತ್ರೆ ಪಾಠದಲ್ಲಿ ಈ ಭಾಗ ಬಿಟ್ಟು ಹೇಳುವುದು ಸುಲಭ. ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಡ್ಯೂಯಿ 1931ರ ಡಿಸೆಂಬರ್ 26ರಂದು ಫ್ಲಾರಿಡಾದಲ್ಲಿ ತೀರಿಕೊಂಡರು. ಅವರೂ ಸೇರಿ ಕಟ್ಟಿದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ಪದಕಕ್ಕಿದ್ದ ಅವರ ಹೆಸರನ್ನು ಕೈಬಿಡಲು 2019ರಲ್ಲಿ ನಿರ್ಣಯಿಸಿತು.