ಅಂತ್ಯೋದಯದ ಹಿಂದಿನ ದೀನದಯಾಳರು

ನ್ಯಾಯಬೆಲೆ ಅಂಗಡಿ ಮುಂದೆ ನಿಂತರೆ ಅಂತ್ಯೋದಯ ಕಾರ್ಡ್ ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಸಾಲಿನ ಕೊನೆಯಲ್ಲಿ ಇರುವವನ ಏಳಿಗೆ ಅಂತ ಅದರ ಅರ್ಥ. ಗಾಂಧಿವಾದಿಗಳೂ ಬಳಸುತ್ತಿದ್ದ ಈ ವಿಚಾರವನ್ನು ಜನಸಂಘದ ರಾಜಕೀಯಕ್ಕೆ ತಂದವರು ಪಂಡಿತ್ ದೀನದಯಾಳ್ ಉಪಾಧ್ಯಾಯ.

1916ರಲ್ಲಿ ಹುಟ್ಟಿದ ದೀನದಯಾಳರದ್ದು ಮಥುರಾ ಕಡೆಯ ಮನೆತನ. ತಂದೆ ರೈಲ್ವೆ ನೌಕರ. ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದರು. ಕಾನ್ಪುರದಲ್ಲಿ ಓದುವಾಗ ಆರ್‌ಎಸ್‌ಎಸ್ ಸೇರಿದರು. ಮದುವೆ ಆಗಲಿಲ್ಲ.

ಶ್ಯಾಮಪ್ರಸಾದ್ ಮುಖರ್ಜಿ 1951ರಲ್ಲಿ ಜನಸಂಘ ಕಟ್ಟಿದರು. ಮರುವರ್ಷದ ಕೊನೆಗೆ ದೀನದಯಾಳರು ಪ್ರಧಾನ ಕಾರ್ಯದರ್ಶಿಯಾದರು. ಮೊದಲ ಪರೀಕ್ಷೆ ಬಂದಿದ್ದು ರಾಜಸ್ಥಾನದಲ್ಲಿ. ಅಲ್ಲಿ ಗೆದ್ದಿದ್ದೇ ಎಂಟು ಶಾಸಕರು. ಜಾಗೀರುದಾರಿ ರದ್ದಾಗಲಿ ಅನ್ನೋದು ಪಕ್ಷದ ನಿಲುವು. ಆದರೆ ಅವರಲ್ಲಿ ಹೆಚ್ಚಿನವರು ಜಮೀನ್ದಾರರ ಪರ ನಿಂತರು. ಅಂಥವರನ್ನು ಪಕ್ಷ ಹೊರಗೆ ಹಾಕಿತು. ಉಳಿದ ಕೆಲವರಲ್ಲಿ ಭೈರೋನ್ ಸಿಂಗ್ ಶೇಖಾವತ್ ಒಬ್ಬರು.

1963ರಲ್ಲಿ ಜೌನ್‌ಪುರ ಲೋಕಸಭಾ ಉಪಚುನಾವಣೆಗೆ ದೀನದಯಾಳರೇ ನಿಂತರು. ಜಾತಿ ಹೆಸರಲ್ಲಿ ಮತ ಕೇಳಲು ಒಪ್ಪಲಿಲ್ಲ. ಸೋತರು.

1965ರಲ್ಲಿ ಮುಂಬೈಯಲ್ಲಿ ನಾಲ್ಕು ಉಪನ್ಯಾಸ ಕೊಟ್ಟು ಏಕಾತ್ಮ ಮಾನವತಾವಾದವನ್ನು ವಿವರಿಸಿದರು. ಬಂಡವಾಳಶಾಹಿಯೂ ಬೇಡ, ಕಮ್ಯುನಿಸಮ್ಮೂ ಬೇಡ. ಆಡಳಿತ ದೇಶದ ಸಂಸ್ಕೃತಿಗೆ ಒಪ್ಪುವಂತಿರಲಿ, ಅಧಿಕಾರ ಹಳ್ಳಿವರೆಗೆ ಹಂಚಿಹೋಗಲಿ, ಸ್ವದೇಶಿಗೂ ಸಣ್ಣ ಕೈಗಾರಿಕೆಗೂ ಬಲ ಸಿಗಲಿ ಅನ್ನೋದು ಅದರ ಸಾರ. ಒಂದೇ ಸಂಸ್ಕೃತಿ ಅಂದರೆ ಅಲ್ಪಸಂಖ್ಯಾತರ ಜಾಗ ಎಲ್ಲಿ ಅಂತ ವಿರೋಧಿಗಳು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ.

1967ರಲ್ಲಿ ಜನಸಂಘ ಲೋಕಸಭೆಯಲ್ಲಿ 35 ಸ್ಥಾನ ಗೆದ್ದಿತು. ಉತ್ತರ ಪ್ರದೇಶ, ಬಿಹಾರದಲ್ಲಿ ಕಮ್ಯುನಿಸ್ಟರೂ ಇದ್ದ ಮೈತ್ರಿ ಸರ್ಕಾರ ಸೇರಿತು. ಆ ಡಿಸೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಅಧಿವೇಶನದಲ್ಲಿ ದೀನದಯಾಳರು ಅಧ್ಯಕ್ಷರಾದರು. ಎರಡು ತಿಂಗಳೂ ತುಂಬಿರಲಿಲ್ಲ. 1968ರ ಫೆಬ್ರುವರಿ 11ರಂದು ಮೊಘಲ್‌ಸರಾಯ್ ರೈಲು ನಿಲ್ದಾಣದ ಬಳಿ ಶವವಾಗಿ ಸಿಕ್ಕರು. ಕಳ್ಳರ ಕೆಲಸ ಅಂತ ತನಿಖೆ ಹೇಳಿತು. ಪಕ್ಷದಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಆ ನಿಲ್ದಾಣಕ್ಕೆ 2018ರಲ್ಲಿ ಅವರದ್ದೇ ಹೆಸರಿಟ್ಟರು.

ರಾಜಸ್ಥಾನದಲ್ಲಿ ಪಕ್ಷದ ಮಾತಿಗೆ ನಿಂತ ಶೇಖಾವತ್ 1977ರಲ್ಲಿ ಮುಖ್ಯಮಂತ್ರಿಯಾಗಿ, ಹಳ್ಳಿಯ ಕಡುಬಡ ಕುಟುಂಬಗಳನ್ನು ಗುರುತಿಸಿ ನೆರವು ಕೊಡುವ ಅಂತ್ಯೋದಯ ಯೋಜನೆ ತಂದರು. 2000ದ ಡಿಸೆಂಬರ್‌ನಲ್ಲಿ ವಾಜಪೇಯಿ ಸರ್ಕಾರ ಅಂತ್ಯೋದಯ ಅನ್ನ ಯೋಜನೆ ಶುರು ಮಾಡಿತು. ಊರಿನ ಬಡವರ ಕೈಲಿರುವ ಕಾರ್ಡಿಗೆ ಆ ಹೆಸರು ಬಂದಿದ್ದು ಹೀಗೆ.