ಆರ್ಟ್ ಬ್ಲೇಕಿ

ಆರ್ಟ್ ಬ್ಲೇಕಿ 1919ರ ಅಕ್ಟೋಬರ್ 11ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ಆ ಊರು ಆಗ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾಗಿತ್ತು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಕರಿಯ ಜನಾಂಗದ ಬಾಲಕನು ಪಿಯಾನೊ ನುಡಿಸುವುದನ್ನು ತಾನೇ ಕಲಿತು, ಹದಿಹರೆಯದಲ್ಲಿಯೇ ಜೀವನೋಪಾಯಕ್ಕೆ ಅದನ್ನು ಆಶ್ರಯಿಸಿದನು. ಒಂದು ರಾತ್ರಿ ಎರಲ್ ಗಾರ್ನರ್ ಎಂಬ ಹುಡುಗನು ಬಂದು ಅವನಿಗಿಂತ ಸೊಗಸಾಗಿ ಪಿಯಾನೊ ನುಡಿಸಿದನು. ಕ್ಲಬ್ಬಿನ ಒಡೆಯನು ಪಿಸ್ತೂಲು ತೋರಿಸಿ ಬ್ಲೇಕಿಯನ್ನು ಡ್ರಮ್ಮುಗಳ ಮುಂದೆ ಕೂರಿಸಿದನಂತೆ! ಈ ಕಥೆಯನ್ನು ಹೇಳುತ್ತಿದ್ದವನು ಬ್ಲೇಕಿಯೇ. ಸ್ವಲ್ಪ ಒಗ್ಗರಣೆ ಬಿದ್ದಿದ್ದರೂ ಆಶ್ಚರ್ಯವಿಲ್ಲ.

ಅಂದಿನ ಜಾಝ್ ಸಂಗೀತವು ಬಹುಮಟ್ಟಿಗೆ ನೃತ್ಯಕ್ಕೆ ಹಿಮ್ಮೇಳವಾಗಿತ್ತು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದ ತರುಣರು ಅದನ್ನು ಕುಳಿತು ಆಲಿಸುವ ಕಲೆಯನ್ನಾಗಿ ಮಾರ್ಪಡಿಸಿದರು. ವೇಗವಾದ ನಡೆ, ತೊಡಕಾದ ಸ್ವರಮೇಳ, ನುಡಿಸುತ್ತಿರುವಾಗಲೇ ಹುಟ್ಟುವ ಹೊಸ ಹೊಸ ಕಲ್ಪನೆ ಇವೆಲ್ಲ ಕೂಡಿದ ಈ ಪದ್ಧತಿಗೆ ಬೀಬಾಪ್ ಎಂದು ಹೆಸರಾಯಿತು. 1944ರಲ್ಲಿ ಬಿಲ್ಲಿ ಎಕ್‌ಸ್ಟೈನನ ವಾದ್ಯವೃಂದವನ್ನು ಸೇರಿದ ಬ್ಲೇಕಿಗೆ ಈ ಇಬ್ಬರ ಒಡನಾಟವೂ ದೊರೆಯಿತು.

ಮುಂದೆ ಅವನು ಜಾಝ್ ಮೆಸೆಂಜರ್ಸ್ ಎಂಬ ತಂಡದ ನಾಯಕನಾದನು. ಹೆಸರಾಂತ ಸಮವಯಸ್ಕರು ಬೇಕಾದಷ್ಟಿದ್ದರೂ ಅವನು ಅರಸಿದ್ದು ಕಿರಿಯರನ್ನು. 1960ರ ಆಗಸ್ಟಿನಲ್ಲಿ ಅವನು ಗಿಲೆಸ್ಪಿಯ ಪ್ರಸಿದ್ಧ ರಚನೆ 'ಎ ನೈಟ್ ಇನ್ ಟುನೀಷಿಯ'ವನ್ನು ಧ್ವನಿಮುದ್ರಿಸಿದಾಗ, ತುತ್ತೂರಿಯನ್ನು ಹಿಡಿದ ಲೀ ಮಾರ್ಗನ್ನನಿಗೆ 22 ವರ್ಷ, ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರನಿಗೆ 27 ತುಂಬಿರಲಿಲ್ಲ, ಬ್ಲೇಕಿಗೆ 40. ಗಿಲೆಸ್ಪಿ, ಪಾರ್ಕರ್ ಇಬ್ಬರೂ ನುಡಿಸಿ ಮೆರೆಸಿದ್ದ ಕೃತಿಯದು. ಅದನ್ನು ಮತ್ತೆ ಮುಟ್ಟುವ ಕಿರಿಯರಿಗೆ ಹೋಲಿಕೆಯ ಭಯವಿಲ್ಲದಿರುತ್ತದೆಯೆ? ಬ್ಲೇಕಿ ಆ ಭಯಕ್ಕೆ ಎಡೆಗೊಡಲಿಲ್ಲ. ಡ್ರಮ್ಮಿನ ಮೊಳಗಿನಿಂದಲೇ ಕೃತಿಯನ್ನು ಆರಂಭಿಸಿದನು. ಉಳಿದವರ ಕೈಗೂ ಸಣ್ಣಪುಟ್ಟ ತಾಳವಾದ್ಯಗಳನ್ನು ಕೊಟ್ಟನು. ಮೆಲ್ಲಗೆ ಹುಟ್ಟಿ ಗುಡುಗಿನಂತೆ ಬೆಳೆಯುವ ಅವನ ಉರುಳುಪೆಟ್ಟು ಕೇಳಿಸಿತೆಂದರೆ, ನುಡಿಸುತ್ತಿದ್ದವನು ಹಳೆಯ ಮಾತನ್ನೇ ಮತ್ತೆ ಹೇಳುವಂತಿರಲಿಲ್ಲ. ಹನ್ನೊಂದು ನಿಮಿಷಗಳ ಆ ವಾದನದ ಕೊನೆಯಲ್ಲಿ ಡ್ರಮ್ಮು ಮೌನ ತಾಳುತ್ತದೆ. ಆ ಇಬ್ಬರು ತರುಣರೂ ಒಬ್ಬೊಬ್ಬರಾಗಿ, ಯಾವ ಆಸರೆಯೂ ಇಲ್ಲದೆ ನುಡಿಸುತ್ತಾರೆ. ಗದ್ದಲದ ವಾದಕನೆಂದು ಬ್ಲೇಕಿಯನ್ನು ಆಕ್ಷೇಪಿಸುವವರು ಈ ಭಾಗವನ್ನು ಕೇಳಬೇಕು.

ಪಳಗಿದವರು ಸ್ವಂತ ತಂಡ ಕಟ್ಟಲು ಹೊರಟರೆ ಅವನು ತಡೆಯುತ್ತಿರಲಿಲ್ಲ. 1980ರಲ್ಲಿ 18ರ ಹರೆಯದ ವಿಂಟನ್ ಮಾರ್ಸಾಲಿಸ್ ಬಂದನು. ಅವನು ಹೋದ ಮೇಲೆ ಟೆರೆನ್ಸ್ ಬ್ಲಾಂಚರ್ಡ್ ಬಂದನು. ಅಷ್ಟರಲ್ಲಿ ಬ್ಲೇಕಿಯ ಶ್ರವಣಶಕ್ತಿ ಕುಂದುತ್ತಿತ್ತು. ಕಿವಿಗೆ ಯಂತ್ರವಿಟ್ಟುಕೊಂಡರೆ ಲಯ ತಪ್ಪುತ್ತದೆಂದು ಅದನ್ನು ನಿರಾಕರಿಸಿ, ವಾದ್ಯಗಳ ಕಂಪನವನ್ನು ಮೈಯಿಂದಲೇ ಗ್ರಹಿಸಿ ನುಡಿಸತೊಡಗಿದನು.

1990ರ ಅಕ್ಟೋಬರ್ 16ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಅವನು ನಿಧನ ಹೊಂದಿದನು. ಅದೇ ವರ್ಷ ಅವನ ತಂಡ ಮಾಡಿದ ಧ್ವನಿಮುದ್ರಣದಲ್ಲಿ ಪಿಯಾನೊ ನುಡಿಸಿದ ಜೆಫ್ ಕೀಜರನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.