ಇರುಳಿನ ಕಾಯಕಜೀವಿ ಗುಬ್ಬಿ ವೀರಣ್ಣನವರು

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ಅಧ್ಯಾಪಕರಾದ ನಾವು ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ. ಆ ಹೊತ್ತಿಗೆ ಮುಖದ ಬಣ್ಣ ತೊಳೆದು ಮಲಗುವುದೇ ವೃತ್ತಿಧರ್ಮವಾಗಿದ್ದ ಮಹನೀಯರೊಬ್ಬರನ್ನು ಇಲ್ಲಿ ಸ್ಮರಿಸುವುದು ಅನುಚಿತವಾಗಲಾರದು.

ನಾಟಕರತ್ನ ಗುಬ್ಬಿ ವೀರಣ್ಣನವರು ತುಮಕೂರು ಜಿಲ್ಲೆಯ ಗುಬ್ಬಿಯವರು. ಅಲ್ಲಿ 1884ರಲ್ಲಿ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ಸ್ಥಾಪಿತವಾದ ನಾಟಕ ಸಂಘವನ್ನು ಬಾಲನಟರಾಗಿ ಸೇರಿ, 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು.

ಕಂಪನಿ ನಾಟಕವೆಂದರೆ ಇರುಳಿನ ಉದ್ಯೋಗ. ಪ್ರೇಕ್ಷಕರು ಹಗಲೆಲ್ಲ ದುಡಿಯುವವರು. ಹೊಲದ ಕೆಲಸ ಮುಗಿಸಿ, ಉಂಡು, ಗಾಡಿ ಕಟ್ಟಿಕೊಂಡು ಬರಬೇಕು. ಹಾಗೆ ತಡವಾಗಿ ಎದ್ದ ಪರದೆ ಕೋಳಿ ಕೂಗುವ ಹೊತ್ತಿಗೆ ಇಳಿದರೆ ಸೋಜಿಗವಿಲ್ಲ. ನಡುರಾತ್ರಿ ಮೀರಿ ಸಭೆ ತೂಕಡಿಸುವಾಗ ಅದನ್ನು ನಗಿಸಿ ಎಚ್ಚರಿಸುವ ಹೊಣೆ ಹಾಸ್ಯಗಾರನದು. ವೀರಣ್ಣನವರು ಹಾಸ್ಯಪಾತ್ರಗಳಿಗೇ ಹೆಸರಾದವರು. ಸದಾರಮೆಯ ಕಳ್ಳ (ಅವನೂ ಇರುಳಿನ ಜೀವಿಯೇ ತಾನೆ!) ಅವರಿಂದ ಮನೆಮಾತಾದ. ಕುರುಕ್ಷೇತ್ರಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು.

ಹೊತ್ತೇರುವವರೆಗೆ ನಿದ್ರಿಸುವ ನಟರನ್ನು ಸೋಮಾರಿಗಳೆಂದು ಜರೆಯುವ ಮಾತು ನಮ್ಮ ಹಾರೋಹಳ್ಳಿಯ ಸೀಮೆಗೂ ಹೊಸದಲ್ಲ. ವೀರಣ್ಣನವರಾದರೋ ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಶರಣರು ಕಾಯಕಕ್ಕೆ ಗಳಿಗೆಯನ್ನು ಗೊತ್ತುಮಾಡಿದ್ದನ್ನು ನಾನಂತೂ ಕಾಣೆ.

1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ಲಿಂಗೈಕ್ಯರಾದರು.